ಜೈಲಿನಲ್ಲಿರುವವರನ್ನು ನೋಡಲು ಹೋಗುವ ಮುನ್ನ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ

ಮನೆಯವರೊಬ್ಬರು ಜೈಲಿಗೆ ಹೋದರೆ ಊರಲ್ಲಿ ಯಾರನ್ನು ಏನು ಕೇಳಬೇಕು ಅಂತಲೇ ತಿಳಿಯುವುದಿಲ್ಲ. ಮುಲಾಕಾತ್, ಅಂದರೆ ಜೈಲಿನ ಭೇಟಿ, ಹೇಗೆ ಅಂತ ಬಾಯಿಬಿಟ್ಟು ಕೇಳಲು ನಾಚಿಕೆ. ಗೊತ್ತಿದ್ದವರೂ ಗೊತ್ತಿಲ್ಲ ಅಂದುಬಿಡುತ್ತಾರೆ. ಹಾಗಾಗಿ ಮೊದಲ ಸಲ ಹೋದವರಲ್ಲಿ ಬಹಳ ಮಂದಿ ಗೇಟಿನಿಂದಲೇ ವಾಪಸ್ ಬರುತ್ತಾರೆ. ಕಾರಣ ದೊಡ್ಡದೇನೂ ಇರುವುದಿಲ್ಲ. ಆಧಾರ್ ಮರೆತಿರುತ್ತಾರೆ, ಭಾನುವಾರ ಹೋಗಿರುತ್ತಾರೆ, ಇಲ್ಲವೇ ಇವರು ಹುಡುಕುವ ಮನುಷ್ಯ ಆ ಜೈಲಿನಲ್ಲೇ ಇರುವುದಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಮನೆಯವರನ್ನು, ವಕೀಲರನ್ನು ಭೇಟಿಯಾಗುವುದು ಕೈದಿಯ ಹಕ್ಕು. ಜೀವಿಸುವ ಹಕ್ಕಿನಲ್ಲೇ ಇದೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಹೇಳಿದೆ. ನೀವು ಯಾರ ಹತ್ತಿರವೂ ಭಿಕ್ಷೆ ಬೇಡಲು ಹೋಗುತ್ತಿಲ್ಲ. ಆದರೆ ಹಕ್ಕು ಇದ್ದರೂ ನಿಯಮ ತಪ್ಪಿದ್ದಲ್ಲ. ಅರ್ಧ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೋದವರಿಗೆ ಗೇಟಿನಲ್ಲಿ ತೊಂದರೆ ಕಡಿಮೆ.

ಮೊದಲು, ಅವರು ಎಲ್ಲಿದ್ದಾರೆ?

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿ ಪೊಲೀಸ್ ಕಸ್ಟಡಿ ಕೊಟ್ಟರೆ ಆ ವ್ಯಕ್ತಿ ಠಾಣೆಯಲ್ಲೇ ಇರುತ್ತಾರೆ. ನ್ಯಾಯಾಂಗ ಬಂಧನ ಅಂದರೆ ಮಾತ್ರ ಜೈಲು. ಪೇಪರಿನಲ್ಲಿ 'ಬಂಧನ' ಅಂತ ಓದಿ ಸೀದಾ ಜೈಲಿಗೆ ಓಡಬೇಡಿ. ಯಾವ ಜೈಲಿಗೆ ಕಳಿಸಿದ್ದಾರೆ ಎನ್ನುವುದು ಕೋರ್ಟಿನ ಆದೇಶದಲ್ಲಿ ಇರುತ್ತದೆ. ವಕೀಲರಿಗೆ ಒಂದು ಫೋನ್ ಮಾಡಿದರೆ ಸಾಕು. ಬಂಧಿಸಿದ ವಿಷಯ ಮತ್ತು ಎಲ್ಲಿಟ್ಟಿದ್ದಾರೆ ಎನ್ನುವುದನ್ನು ಮನೆಯವರಿಗೆ ತಿಳಿಸುವುದು ಪೊಲೀಸರದೇ ಕರ್ತವ್ಯ. ಠಾಣೆಯಲ್ಲಿ ಅದನ್ನು ಕೇಳಲು ಹೆದರಬೇಕಿಲ್ಲ.

ನಮ್ಮ ಭಾಗದಲ್ಲಿ ಬಳ್ಳಾರಿಯದು ಕೇಂದ್ರ ಕಾರಾಗೃಹ. ರಾಯಚೂರು ಮತ್ತು ಕೊಪ್ಪಳದಲ್ಲಿ ಜಿಲ್ಲಾ ಕಾರಾಗೃಹಗಳಿವೆ. ವಿಚಾರಣೆ ನಡೆಯುವವರೆಗೆ ಸಾಮಾನ್ಯವಾಗಿ ಆಯಾ ಜಿಲ್ಲೆಯ ಜೈಲು. ದೊಡ್ಡ ಶಿಕ್ಷೆಯಾದರೆ ಬಳ್ಳಾರಿ, ಕಲಬುರಗಿಯಂಥ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಜನ ಹೆಚ್ಚಾದರೂ, ಭದ್ರತೆಯ ಕಾರಣಕ್ಕೂ ಸ್ಥಳ ಬದಲಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ಸಿನಿಮಾ ನಟರೊಬ್ಬರನ್ನು ಬೆಂಗಳೂರಿನಿಂದ ಬಳ್ಳಾರಿಗೆ ಕರೆತಂದದ್ದು ನೆನಪಿರಬೇಕಲ್ವಾ? ಆಗ ಟಿವಿಯವರ ದೆಸೆಯಿಂದ ಊರಿನ ಮಕ್ಕಳಿಗೂ ಜೈಲಿನ ಗೇಟು ಪರಿಚಯವಾಯಿತು. ದೂರದ ಕೈದಿಗಳನ್ನು ಇಲ್ಲಿಗೆ ತರುವುದು ಬ್ರಿಟಿಷರ ಕಾಲದಿಂದಲೂ ಇದೆ. 1921ರಲ್ಲಿ ಕೇರಳದ ಮಲಬಾರಿನ ಮಾಪಿಳ್ಳೆ ಮುಸ್ಲಿಂ ಕೈದಿಗಳನ್ನು ಗೂಡ್ಸ್ ವ್ಯಾಗನ್ನಿನಲ್ಲಿ ತುಂಬಿ ಬಳ್ಳಾರಿ ಜೈಲಿಗೆಂದೇ ಹೊರಡಿಸಿದ್ದರು. ದಾರಿಯಲ್ಲೇ ಉಸಿರುಗಟ್ಟಿ ಹಲವರು ಸತ್ತರು.

ಈಗ ಹಾಗಿಲ್ಲ. ಆದರೂ ಮಸ್ಕಿಯವರಿಗೋ ಕುಷ್ಟಗಿಯವರಿಗೋ ಬಳ್ಳಾರಿ ಎಂದರೆ ಒಂದು ದಿನದ ಕೂಲಿ ಹೋದಂತೆಯೇ. ಹೊರಡುವ ಮೊದಲು ಜೈಲಿಗೆ ಫೋನ್ ಮಾಡಿ, 'ಇಂಥವರು ಇಲ್ಲೇ ಇದ್ದಾರಾ' ಎಂದು ಕೇಳಿ.

ಹೆಸರಿನ ಗೋಳು

ಗೇಟಿನಲ್ಲಿ ಜಾಸ್ತಿ ಸಮಯ ತಿನ್ನುವುದು ಇದೇ. ಮನೆಯಲ್ಲಿ ಈರಣ್ಣ, ಆಧಾರ್‌ನಲ್ಲಿ ವೀರೇಶ, ಪೊಲೀಸರು ಬರೆದುಕೊಂಡದ್ದು ವೀರಣ್ಣ. ಹುಲಿಗೆಮ್ಮನ ಹರಕೆಯಿಂದ ಹುಟ್ಟಿದ ಹುಲಿಗೆಪ್ಪಗಳು ಒಂದೇ ಬ್ಯಾರಕ್‌ನಲ್ಲಿ ನಾಲ್ಕು ಜನ ಇದ್ದರೂ ಇದ್ದರೇ! 'ನಮ್ಮ ಹುಲಿಗೆಪ್ಪನ್ನ ನೋಡಬೇಕ್ರೀ' ಎಂದರೆ ಕೌಂಟರಿನವರು ಯಾರನ್ನು ಕರೆಸಬೇಕು?

ಒಂದು ಚೀಟಿ ಮಾಡಿಟ್ಟುಕೊಳ್ಳಿ. ಅದರಲ್ಲಿ ಎಫ್‌ಐಆರ್‌ನಲ್ಲಿ ಇರುವಂತೆಯೇ ಹೆಸರು, ಅಪ್ಪನ ಹೆಸರು, ವಯಸ್ಸು, ಊರು, ಪೊಲೀಸ್ ಠಾಣೆ, ಕ್ರೈಂ ನಂಬರ್, ಯಾವ ಕೋರ್ಟು ಎಂದು ಬರೆದಿರಲಿ. ಮೊದಲ ಭೇಟಿಯಲ್ಲೇ ಕೈದಿ ನಂಬರ್ ಕೇಳಿ ಬರೆದುಕೊಳ್ಳಿ. ಮುಂದೆ ಹಣ ಕಟ್ಟಲು, ಪತ್ರ ಬರೆಯಲು, ಎಲ್ಲದಕ್ಕೂ ಅದು ಬೇಕು.

ನಿಮ್ಮ ಹೆಸರಿನದೂ ಒಂದು ವಿಷಯವಿದೆ. ಜೈಲಿಗೆ ಸೇರಿಸಿಕೊಳ್ಳುವಾಗ 'ನಿನ್ನನ್ನು ನೋಡಲು ಯಾರ್‍ಯಾರು ಬರಬಹುದು' ಎಂದು ಕೇಳಿ ಪಟ್ಟಿ ಮಾಡಿಕೊಳ್ಳುತ್ತಾರೆ. ಗಾಬರಿಯಲ್ಲಿ ಕೆಲವರು ಹೆಂಡತಿಯ ಹೆಸರು ಹೇಳಿ ಅಮ್ಮನ ಹೆಸರು ಬಿಟ್ಟಿರುತ್ತಾರೆ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಪ್ರಶ್ನೆ ಏಳುತ್ತದೆ. ಮೊದಲು ಹೋದವರು ಒಳಗಿರುವವರಿಗೆ ಹೇಳಿ ಉಳಿದವರ ಹೆಸರು ಸೇರಿಸಿ ಬರಲಿ. ಸಂಬಂಧ ತೋರಿಸುವ ಕಾಗದ, ಅಂದರೆ ಪಡಿತರ ಚೀಟಿಯಂಥದ್ದು, ಇದ್ದರೆ ಒಳ್ಳೆಯದು.

ಯಾವ ದಿನ, ಹೇಗೆ ಬುಕ್ ಮಾಡುವುದು

ವಿಚಾರಣಾಧೀನ ಕೈದಿಗೆ, ಅಂದರೆ ಕೇಸ್ ಇನ್ನೂ ನಡೆಯುತ್ತಿರುವವರಿಗೆ, ಭೇಟಿಯ ಅವಕಾಶ ಹೆಚ್ಚು ಸಿಗುತ್ತದೆ. ಶಿಕ್ಷೆಯಾದ ಸಜಾ ಕೈದಿಗೆ ಒಂದು ಭೇಟಿಗೂ ಇನ್ನೊಂದಕ್ಕೂ ಅಂತರ ಜಾಸ್ತಿ. ಒಂದು ಸರದಿಗೆ ಎಷ್ಟು ಜನ, ಯಾವ ಹೊತ್ತು ಎನ್ನುವುದನ್ನು ಆಯಾ ಜೈಲಿನ ಬೋರ್ಡ್ ನೋಡಿ ಅಥವಾ ಫೋನಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಭಾನುವಾರ, ಸರ್ಕಾರಿ ರಜೆಯ ದಿನ ಹೊರಡಲೇಬೇಡಿ. ಬೆಳಿಗ್ಗೆಯೇ ಹೋಗಿ. ತಡವಾಗಿ ಹೋದರೆ ಸರದಿ ಸಿಗುವುದಿಲ್ಲ.

ಕೋರ್ಟ್ ತಾರೀಖಿನ ದಿನ ಹೋಗುವುದೂ ದಂಡ. ಅವರನ್ನು ಕೋರ್ಟಿಗೆ ಕರೆದೊಯ್ದಿರುತ್ತಾರೆ, ಇಲ್ಲವೇ ವಿಡಿಯೊ ಮೂಲಕ ಹಾಜರುಪಡಿಸುತ್ತಿರುತ್ತಾರೆ. ಮುಂದಿನ ತಾರೀಖು ಯಾವಾಗ ಎನ್ನುವುದು ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಸಿಎನ್‌ಆರ್ ನಂಬರ್ (ಕೋರ್ಟು ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ನಂಬರ್) ಹಾಕಿದರೆ ಸಿಗುತ್ತದೆ.

ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಲು ಇ-ಮುಲಾಕಾತ್ ಇದೆ. ಇಪ್ರಿಸನ್ಸ್ ಡಾಟ್ ಎನ್‌ಐಸಿ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣಕ್ಕೆ ಹೋಗಿ ಇ-ಮುಲಾಕಾತ್ ಆರಿಸಿ. ಮೊದಲ ಭಾಗದಲ್ಲಿ ನಿಮ್ಮ ಹೆಸರು, ವಿಳಾಸ, ಕೈದಿಗೆ ನೀವು ಏನಾಗಬೇಕು, ಗುರುತಿನ ಚೀಟಿಯ ನಂಬರ್, ಇಮೇಲ್, ಮೊಬೈಲ್ ನಂಬರ್ ತುಂಬಬೇಕು. ಎರಡನೆಯ ಭಾಗದಲ್ಲಿ ರಾಜ್ಯ, ಜೈಲು, ಕೈದಿಯ ಹೆಸರು, ಅವರ ಅಪ್ಪನ ಹೆಸರು, ವಯಸ್ಸು. ಖುದ್ದಾಗಿ ಭೇಟಿಯೋ, ವಿಡಿಯೊ ಕರೆಯೋ ಎಂದು ಆರಿಸಿ. ಒಟಿಪಿ ಹಾಕಿದ ಮೇಲೆ ಒಂದು ಕೋರಿಕೆ ಸಂಖ್ಯೆ ಬರುತ್ತದೆ. ಅಷ್ಟಕ್ಕೇ ಭೇಟಿ ಸಿಕ್ಕಿತು ಅಂದುಕೊಳ್ಳಬೇಡಿ. ಜೈಲಿನವರು ಒಪ್ಪಿಗೆ ಕೊಟ್ಟ ಸಂದೇಶ ಬಂದ ಮೇಲೆಯೇ ಬಸ್ ಹತ್ತಿ.

ಗ್ರಾಮ ಒನ್‌ನಲ್ಲೋ ಇಂಟರ್ನೆಟ್ ಅಂಗಡಿಯಲ್ಲೋ ಅರ್ಜಿ ಹಾಕಿಸುವವರು ಒಂದನ್ನು ಗಮನಿಸಿ. ಬೇಗ ಆಗಲಿ ಅಂತ ಅಂಗಡಿಯವರು ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಆಮೇಲೆ ಒಪ್ಪಿಗೆ, ವಿಡಿಯೊ ಕರೆಯ ಲಿಂಕು, ಎಲ್ಲ ಅವರಿಗೇ ಹೋಗುತ್ತದೆ. ನೀವು ಇಲ್ಲಿ ದಾರಿ ಕಾಯುತ್ತಾ ಕೂರುತ್ತೀರಿ. ಇಮೇಲ್ ಇಲ್ಲದಿದ್ದರೆ ಓದುವ ಮಗನದೋ ತಮ್ಮನದೋ ಕೊಡಿ.

ದುಡಿಯಲು ಬೆಂಗಳೂರಿಗೆ ಗುಳೆ ಹೋದವರಿಗೆ, ನಡೆಯಲಾಗದ ಅಪ್ಪ ಅಮ್ಮನಿಗೆ ವಿಡಿಯೊ ಭೇಟಿ ದೊಡ್ಡ ಅನುಕೂಲ. ನನ್ನ ಕೇಳಿದರೆ, ಮೊದಲ ಭೇಟಿ ಮಾತ್ರ ಮುಖಾಮುಖಿಯೇ ಆಗಲಿ. ಮೈಮೇಲೆ ಗಾಯವಿದೆಯಾ, ಸೊರಗಿದ್ದಾರಾ ಎನ್ನುವುದು ಮೊಬೈಲಿನ ಪರದೆಯಲ್ಲಿ ಕಾಣುವುದಿಲ್ಲ.

ದಾರಿ ಖರ್ಚು

ಕೊಪ್ಪಳ, ಹೊಸಪೇಟೆ ಕಡೆಯವರಿಗೆ ಹುಬ್ಬಳ್ಳಿ–ಗುಂತಕಲ್ ಮಾರ್ಗದ ರೈಲು ಬಳ್ಳಾರಿಗೆ ಅಗ್ಗ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಸರದಿಯಲ್ಲಿ ನಿಲ್ಲುವ ವಯಸ್ಸಾದವರಿಗೆ ನೀರಿನ ಬಾಟಲಿ, ತಲೆಗೆ ಟವೆಲ್ ಇರಲೇಬೇಕು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಇರಬೇಕಾದದ್ದು ಕಡಿಮೆ. ಮೂಲ ಆಧಾರ್ ಅಥವಾ ಮತದಾರರ ಚೀಟಿ, ಅದರ ಎರಡು ಜೆರಾಕ್ಸ್, ಮೇಲೆ ಹೇಳಿದ ಚೀಟಿ, ಒಂದು ಪೆನ್ನು. ಮಕ್ಕಳನ್ನು ಕರೆದೊಯ್ದರೆ ಅವರ ಆಧಾರ್ ಕೂಡ. 'ಏನವ್ವಾ, ಜೆರಾಕ್ಸ್ ತಂದೀರೇನು' ಎಂದು ಗೇಟಿನಲ್ಲಿ ಕೇಳಿದ ಮೇಲೆ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಅಲೆದು ಬರುವಷ್ಟರಲ್ಲಿ ಸರದಿ ಮುಗಿದಿರುತ್ತದೆ.

ಇರಬಾರದ್ದೇ ಜಾಸ್ತಿ. ಮೊಬೈಲ್, ಸಿಮ್, ಚಾರ್ಜರ್, ಸ್ಮಾರ್ಟ್ ವಾಚ್. ಬೀಡಿ, ಸಿಗರೇಟು, ಗುಟ್ಕಾ, ಎಲೆ ಅಡಿಕೆ, ತಂಬಾಕು. ಬೆಂಕಿಪೊಟ್ಟಣ, ಬ್ಲೇಡು, ಚಾಕು. ಮದ್ಯ, ಗಾಂಜಾ ಬಗ್ಗೆ ಹೇಳುವುದೇ ಬೇಡ. ನಿಷೇಧಿತ ವಸ್ತು ಒಳಗೆ ಸಾಗಿಸುವುದು ಕಾರಾಗೃಹ ಕಾಯ್ದೆಯ ಪ್ರಕಾರ ಅಪರಾಧ. ನೋಡಲು ಬಂದವರ ಮೇಲೇ ಕೇಸ್ ಆಗುತ್ತದೆ. ಜೇಬಿನಲ್ಲಿ ಮರೆತು ಉಳಿದ ಗುಟ್ಕಾ ಪಾಕೀಟೂ ತೊಂದರೆ ತರುತ್ತದೆ, ಹಾಗಾಗಿ ಒಳಗೆ ಹೋಗುವ ಮೊದಲು ಜೇಬು ಮಗುಚಿ ನೋಡಿ. ಜೊತೆಗೆ ಒಬ್ಬರು ಹೊರಗೇ ನಿಂತು ಎಲ್ಲರ ಮೊಬೈಲ್, ಪರ್ಸು ಇಟ್ಟುಕೊಳ್ಳುವುದು ಸುಲಭದ ದಾರಿ.

ಇನ್ನೊಂದು ಮುಖ್ಯ ಮಾತು. ಗೇಟಿನ ಹೊರಗೆ ಪರಿಚಯವಿಲ್ಲದವರು 'ನಮ್ಮ ಹುಡುಗನಿಗೆ ಈ ಪೊಟ್ಟಣ ಕೊಡಿಸ್ತೀರಾ ಅಕ್ಕಾ' ಎಂದು ಬೇಡಿಕೊಂಡರೆ ಕೈಯೊಡ್ಡಬೇಡಿ. ಕರುಣೆಗೆ ಬಿದ್ದರೆ ಉತ್ತರ ಕೊಡಬೇಕಾದವರು ನೀವೇ.

ಊಟದ ಮಾತಿಗೆ ಬರೋಣ. ಇಲ್ಲಿ ತಾಯಂದಿರಿಗೆ ಸಮಾಧಾನ ಹೇಳುವುದು ಕಷ್ಟ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿರುತ್ತಾರೆ. ದಾರಿಯಲ್ಲಿ ಮಗನಿಗೆ ಇಷ್ಟ ಅಂತ ಮಂಡಾಳು ಒಗ್ಗರಣಿ, ಮಿರ್ಚಿಯನ್ನೂ ಕಟ್ಟಿಸಿರುತ್ತಾರೆ. ಮನೆಯೂಟಕ್ಕೆ ಮೊದಲೇ ಅನುಮತಿ ಬೇಕು. ಕೋರ್ಟಿನ ಮೂಲಕವೋ ಜೈಲಿನ ಅಧೀಕ್ಷಕರ (ಸೂಪರಿಂಟೆಂಡೆಂಟ್) ಮೂಲಕವೋ ಕೇಳಬೇಕು, ಕೇಳಿದರೂ ಎಲ್ಲರಿಗೂ ಸಿಗುವುದಿಲ್ಲ. ಹಣ್ಣು, ಸೀಲ್ ಆದ ಬಿಸ್ಕತ್ತಿನಂಥವನ್ನು ಬಿಡುತ್ತಾರಾ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಪುಡಿ ರೂಪದ್ದು ಯಾವುದೂ ಬೇಡ. ಚಟ್ನಿಪುಡಿಯಿಂದ ಹಿಡಿದು ಹುಲಿಗಿಯ ಭಂಡಾರದವರೆಗೆ ಎಲ್ಲವೂ ತಪಾಸಣೆಯಲ್ಲಿ ಅನುಮಾನಕ್ಕೆ ಸಿಗುತ್ತವೆ. ಮಂತ್ರಾಲಯದ ಪರಿಮಳ ಪ್ರಸಾದವೂ ಅಷ್ಟೇ. ದೇವರ ಹೆಸರಲ್ಲಿ ಗೇಟಿನಲ್ಲಿ ಜಗಳ ಮಾಡಿದರೆ ನಿಮ್ಮ ಸಮಯ ಹೋಗುತ್ತದೆ.

ಮಾತ್ರೆಗಳನ್ನು ಕೈಗೆ ಕೊಡುವಂತಿಲ್ಲ. ಬಿಪಿ, ಶುಗರ್, ಮೂರ್ಛೆ ರೋಗದವರಾದರೆ ಹಳೆಯ ಡಾಕ್ಟರ್ ಚೀಟಿಯ ಪ್ರತಿಯನ್ನು ಗೇಟಿನಲ್ಲಿ ಕೊಟ್ಟು, ಜೈಲಿನ ವೈದ್ಯರಿಗೆ ತಲುಪಿಸಲು ಲಿಖಿತವಾಗಿ ಕೇಳಿ. ಮೊದಲ ವಾರದಲ್ಲೇ ಮಾಡಬೇಕಾದ ಕೆಲಸ ಇದು.

ಬಟ್ಟೆ ಸರಳವಾಗಿರಲಿ. ಒಡವೆ ಹಾಕಿಕೊಂಡು ಹೋಗಬೇಡಿ. ತಪಾಸಣೆ ಎಲ್ಲರಿಗೂ ಇದೆ, ಮೈ ತಡವಿ ನೋಡುತ್ತಾರೆ. ಹೆಂಗಸರನ್ನು ತಪಾಸಣೆ ಮಾಡುವುದು ಮಹಿಳಾ ಸಿಬ್ಬಂದಿಯೇ ಆಗಿರಬೇಕು. ಗಂಡಸರು ಮುಂದೆ ಬಂದರೆ 'ಮಹಿಳಾ ಸಿಬ್ಬಂದಿ ಕರೆಸಿ' ಎಂದು ಹೇಳಲು ಸಂಕೋಚ ಬೇಡ. ಮುಲಾಕಾತ್‌ಗೆ ಶುಲ್ಕ ಇಲ್ಲ. 'ನಾನು ಮಾತಾಡಿ ಬೇಗ ಬಿಡಿಸ್ತೀನಿ' ಎಂದು ಹೊರಗೆ ಕೈಚಾಚುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಆ ಕೆಲವು ನಿಮಿಷ

ಜಾಲರಿಯ ಅಥವಾ ಗಾಜಿನ ಆಚೆ ನಿಮ್ಮವರು. ಅಕ್ಕಪಕ್ಕ ಇನ್ನೂ ಹತ್ತು ಮನೆಯವರು. ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುತ್ತಿರುತ್ತಾರೆ. ಕೇಳಿಸುವಷ್ಟು ಹತ್ತಿರದಲ್ಲಿ ಸಿಬ್ಬಂದಿ ನಿಂತಿರುತ್ತಾರೆ. ಏನು ಮಾತಾಡಬೇಕು ಎಂದು ಬರೆದುಕೊಂಡು ಹೋಗದಿದ್ದರೆ ಅಳುವುದರಲ್ಲೇ ಹೊತ್ತು ಕಳೆಯುತ್ತದೆ. ಅತ್ತರೆ ತಪ್ಪಲ್ಲ. ಆದರೆ ಬಸ್ಸಿನಲ್ಲಿ ಕೂತ ಮೇಲೆ 'ಅಯ್ಯೋ, ಅದನ್ನೇ ಕೇಳಲಿಲ್ಲ' ಎನ್ನುವವರು ಬಹಳ.

ಮೊದಲು ಮೈ ಹೇಗಿದೆ ಎಂದು ಕೇಳಿ. ಊಟ, ನಿದ್ದೆ, ಔಷಧಿ, ಪೆಟ್ಟು. ಪೆಟ್ಟಾಗಿದ್ದರೆ ಮುಂದಿನ ಹಾಜರಿಯಲ್ಲಿ ಜಡ್ಜ್ ಮುಂದೆ ಬಾಯಿಬಿಟ್ಟು ಹೇಳಲು ತಿಳಿಸಿ. ಎರಡನೆಯದು ವಕೀಲರದು. ವಕೀಲರನ್ನು ನೇಮಿಸುವ ವಕಾಲತ್ತಿಗೆ ಸಹಿ ಆಗಿದೆಯಾ? ಆ ಕಾಗದ ಜೈಲಿನ ಅಧಿಕಾರಿಗಳ ಮೂಲಕವೇ ಹೋಗಿ, ಅವರ ದೃಢೀಕರಣದೊಂದಿಗೆ ಬರಬೇಕು. ನೀವು ಜಾಲರಿಯಲ್ಲಿ ತೂರಿಸಿ ಸಹಿ ಮಾಡಿಸುವ ಹಾಗಿಲ್ಲ. ಚೆಕ್ಕು, ಅಧಿಕಾರ ಪತ್ರ, ಬ್ಯಾಂಕಿನ ಫಾರಂ, ಎಲ್ಲಕ್ಕೂ ಇದೇ ದಾರಿ.

ಮೂರನೆಯದು ಮನೆಯ ವ್ಯವಹಾರ. ಇದನ್ನು ಹಗುರ ಮಾಡಬೇಡಿ. ಹೊಲದ ಮನೆತನವಾದರೆ ಇದೇ ಮುಖ್ಯ. ಕಾಲುವೆ ನೀರು ಬಿಟ್ಟಾಗ ಭತ್ತ ಯಾರು ನೋಡಬೇಕು? ಮೆಣಸಿನಕಾಯಿಯನ್ನು ಈಗಲೇ ಮಾರಬೇಕಾ, ಕೋಲ್ಡ್ ಸ್ಟೋರೇಜಿಗೆ ಹಾಕಬೇಕಾ? ಗೊಬ್ಬರದ ಅಂಗಡಿಯಲ್ಲಿ ಬಾಕಿ ಎಷ್ಟು? ಸಂಘದ ಕಂತು ಯಾವ ತಾರೀಖಿಗೆ? ಒಳಗಿರುವವರ ತಲೆಯಲ್ಲಿ ರಾತ್ರಿಯೆಲ್ಲ ಸುತ್ತುವುದು ಇವೇ. ಉತ್ತರ ಸಿಕ್ಕರೆ ಅವರಿಗೂ ಒಂದು ಭಾರ ಇಳಿಯುತ್ತದೆ. ಎಟಿಎಂ ಪಿನ್ ಮಾತ್ರ ಜೋರಾಗಿ ಹೇಳಿಸಬೇಡಿ.

ಮಾತಾಡಬಾರದ್ದೂ ಇದೆ. ಘಟನೆ ಹೇಗೆ ನಡೆಯಿತು, ಯಾರು ಇದ್ದರು ಎಂದು ಅಲ್ಲಿ ಬಿಡಿಸಿ ಕೇಳಬೇಡಿ. ಸುತ್ತ ಕಿವಿಗಳಿವೆ. 'ಸಾಕ್ಷಿದಾರನ ಹತ್ತಿರ ಮಾತಾಡ್ಲಾ' ಎನ್ನುವ ಮಾತಂತೂ ಬರಲೇಬಾರದು. ಸಾಕ್ಷಿಗಳ ಮೇಲೆ ಒತ್ತಡ ಹಾಕಿದ್ದು ಗೊತ್ತಾದರೆ ಜಾಮೀನು ಸಿಗುವುದಿಲ್ಲ, ಸಿಕ್ಕಿದ್ದರೂ ರದ್ದಾಗುತ್ತದೆ. ಭೇಟಿಯ ಮಾತು ಮನೆಯ ವಿಷಯಕ್ಕೆ ಸೀಮಿತವಾಗಿರಬೇಕು, ಬೇರೆ ಕೈದಿಗಳ ಸುದ್ದಿ, ಜೈಲಿನ ಆಡಳಿತದ ಚರ್ಚೆ ಬೇಡ ಎನ್ನುವುದು ನಿಯಮ. ಕೇಸಿನ ಮಾತು ವಕೀಲರಿಗೆ ಬಿಡಿ. ವಕೀಲರ ಭೇಟಿಯಲ್ಲಿ ಸಿಬ್ಬಂದಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಬಹುದು, ಮಾತು ಕೇಳಿಸಿಕೊಳ್ಳುವಂತಿಲ್ಲ.

ಮಕ್ಕಳನ್ನು ಕರೆದೊಯ್ಯಬೇಕಾ? 'ಅಪ್ಪ ದುಬೈಗೆ ಹೋಗಿದ್ದಾನೆ' ಎಂದು ಹೇಳಿ ಬೆಳೆಸುವುದಕ್ಕಿಂತ ಒಮ್ಮೆ ಕರೆದೊಯ್ಯುವುದೇ ಮೇಲು ಅಂತ ನನಗನ್ನಿಸುತ್ತದೆ. ಶಾಲೆಯಲ್ಲಿ ಬೇರೆ ಮಕ್ಕಳ ಬಾಯಿಂದ ಗೊತ್ತಾಗುವುದು ಇನ್ನೂ ಕೆಟ್ಟದ್ದು. ಆದರೆ 'ಜಾಲರಿ ಇರುತ್ತೆ, ಎತ್ತಿಕೊಳ್ಳೋಕೆ ಆಗಲ್ಲ' ಎಂದು ಮೊದಲೇ ಹೇಳಿ ಕರೆದೊಯ್ಯಿರಿ. ಒಳಗಿರುವುದು ತಾಯಿಯಾದರೆ, ಆರು ವರ್ಷದವರೆಗಿನ ಮಗುವನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಅವಕಾಶವಿದೆ.

ಹಣ, ಫೋನ್, ಪತ್ರ

ಕೈಗೆ ನೋಟು ಕೊಡುವಂತಿಲ್ಲ. ಕೈದಿಯ ಹೆಸರಿನಲ್ಲಿ ಜೈಲಿನಲ್ಲಿ ಒಂದು ಖಾತೆ ಇರುತ್ತದೆ. ಪಿಪಿಸಿ ಎನ್ನುತ್ತಾರೆ. ಅದಕ್ಕೆ ಮನಿ ಆರ್ಡರ್ ಮೂಲಕವೋ ಜೈಲಿನವರು ಹೇಳಿದ ರೀತಿಯಲ್ಲೋ ಹಣ ಹಾಕಿ, ರಸೀದಿ ಇಟ್ಟುಕೊಳ್ಳಿ. ಸೋಪು, ಎಣ್ಣೆ, ತಿಂಡಿಯನ್ನು ಅವರು ಒಳಗಿನ ಕ್ಯಾಂಟೀನಿನಲ್ಲಿ ಅದರಿಂದಲೇ ಕೊಳ್ಳುತ್ತಾರೆ. ಫೋನ್ ಸೌಲಭ್ಯವಿದ್ದರೆ ಮನೆಯವರ ಮತ್ತು ವಕೀಲರ ನಂಬರನ್ನು ಮೊದಲೇ ನೋಂದಾಯಿಸಬೇಕು. ಪದೇ ಪದೇ ಸಿಮ್ ಬದಲಿಸುವವರ ನಂಬರ್ ಕೊಡಬೇಡಿ. ಪತ್ರ ಬರೆಯಬಹುದು, ಓದಿ ನೋಡಿಯೇ ಒಳಗೆ ಕೊಡುತ್ತಾರೆ. 'ಜೈಲಿಂದ ಮಾತಾಡ್ತಿದ್ದೀನಿ, ನಿಮ್ಮ ಮಗನಿಗೆ ಹುಷಾರಿಲ್ಲ, ಫೋನ್‌ಪೇ ಮಾಡಿ' ಎಂದು ಅಪರಿಚಿತರ ಕರೆ ಬಂದರೆ ಹಣ ಹಾಕಬೇಡಿ. ಜೈಲಿನ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.

ನಿಜವಾಗಿಯೂ ಆಸ್ಪತ್ರೆಗೆ ಸೇರಿಸಿದ್ದರೆ ಅಲ್ಲಿಯೂ ಪೊಲೀಸ್ ಕಾವಲು ಇರುತ್ತದೆ. ಬೇರೆ ರೋಗಿಗಳನ್ನು ನೋಡಿದ ಹಾಗೆ ವಾರ್ಡಿಗೆ ನುಗ್ಗಲು ಆಗುವುದಿಲ್ಲ. ಜೈಲಿನ ಅಧೀಕ್ಷಕರ ಅನುಮತಿ ಪಡೆದು ಹೋಗಿ.

ವಕೀಲರಿಗೆ ಹಣವಿಲ್ಲದಿದ್ದರೆ, ಭೇಟಿ ನಿರಾಕರಿಸಿದರೆ

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದು ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಸಹಾಯವಾಣಿ 15100.

ಅಲ್ಲಿ ಕೇಳಬೇಕಾದ ಎರಡು ಪ್ರಶ್ನೆ ಹೇಳುತ್ತೇನೆ. 'ನಮ್ಮವರಿಗೆ 479 ಅನ್ವಯಿಸುತ್ತಾ?' ಎನ್ನುವುದು ಒಂದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಈ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಆರೋಪಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇರುವವರಿಗೆ ಇದು ಇಲ್ಲ.

ಎರಡನೆಯದು, ಜಾಮೀನು ಸಿಕ್ಕಿಯೂ ಹಣವಿಲ್ಲದೆ ಹೊರಬರಲಾಗದವರದು. 2023ರಲ್ಲಿ ಬಂದ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗೂ, ದಂಡ ಕಟ್ಟಲಾಗದ ಸಜಾ ಕೈದಿಗೂ ಹಣದ ನೆರವು ಸಿಗಬಹುದು. ಮಾದಕ ವಸ್ತು, ಭ್ರಷ್ಟಾಚಾರದಂಥ ಕೇಸುಗಳಿಗೆ ಇಲ್ಲ. ಪಹಣಿ ಇರುವ ಶ್ಯೂರಿಟಿ ಸಿಗಲಿಲ್ಲ ಅಂತ ತಿಂಗಳುಗಟ್ಟಲೆ ಒಳಗೇ ಉಳಿದವರು ಇದನ್ನು ಕೇಳಲೇಬೇಕು.

ಎಲ್ಲ ಸರಿಯಿದ್ದೂ ಭೇಟಿ ಕೊಡದಿದ್ದರೆ ಗೇಟಿನಲ್ಲಿ ಕೂಗಾಡಬೇಡಿ. ಕಾರಣ ಕೇಳಿ. ಶಿಸ್ತಿನ ಕ್ರಮವೋ, ಸ್ಥಳಾಂತರವೋ, ಆ ವಾರದ ಸರದಿಯನ್ನು ಬೇರೆ ಸಂಬಂಧಿಕರು ಬಳಸಿಕೊಂಡಿದ್ದಾರೋ, ಏನೋ ಒಂದು ಇರುತ್ತದೆ. ಕೊನೆಯದಂತೂ ಬಹಳ ಸಲ ಆಗುತ್ತದೆ. ಅತ್ತೆ ಮನೆಯವರು ಒಂದು ಕಡೆಯಿಂದ, ತವರಿನವರು ಇನ್ನೊಂದು ಕಡೆಯಿಂದ ಬಂದು ಗೇಟಿನಲ್ಲಿ ಮುಖಾಮುಖಿಯಾಗುತ್ತಾರೆ. ಯಾರು ಯಾವಾಗ ಹೋಗಬೇಕು ಎಂದು ಮನೆಯಲ್ಲೇ ಮಾತಾಡಿಕೊಳ್ಳಿ. ಕಾರಣ ಸರಿಯೆನಿಸದಿದ್ದರೆ ಅಧೀಕ್ಷಕರ ಹೆಸರಿಗೆ ಅರ್ಧ ಪುಟದ ಅರ್ಜಿ ಬರೆಯಿರಿ. ತಾರೀಖು, ಹೊತ್ತು, ಕೈದಿ ನಂಬರ್ ಹಾಕಿ. ಎರಡು ಪ್ರತಿ ಮಾಡಿ ಒಂದನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅದನ್ನು ಹಿಡಿದು ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಯವರ ಹತ್ತಿರ ಹೋಗಿ.